ರಾಂಪತ್ರೆ ಮರದ ಹಳೇ ಹಾಳೆಗಳು: ಮುಂಬೈ ಫೋರ್ಟ್‌ನಲ್ಲಿ ಚುಕ್ಕೆ, ಗೋವಾ ಖಾಲಿ! ಏನಿದು?

ಕೋಥ್ರೂಡ್_ಶಿರಸಿಗ
ಎಲ್ಲರಿಗೂ ನಮಸ್ಕಾರ. ಇಲ್ಲಿ ಗಿಡಮರದ ಹುಚ್ಚಿನವರು ಒಂದಿಷ್ಟು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಊರಲ್ಲಿ ಚಿಕ್ಕಪ್ಪನ ಮಗ ಬೆಟ್ಟದಲ್ಲಿ ರಾಂಪತ್ರೆ ಸಸಿ ನೆಡಲು ಹೊರಟಿದ್ದಾನೆ. "ಮೊದಲೆಲ್ಲ ಈ ಮರ ಎಲ್ಲೆಲ್ಲಿತ್ತು ನೋಡಿ ಹೇಳು, ಪುಣೆಯಲ್ಲಿ ದೊಡ್ಡ ಹರ್ಬೇರಿಯಂ ಇದೆಯಂತಲ್ಲ" ಅಂದ. ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳನ್ನ ಹಾಳೆಗೆ ಅಂಟಿಸಿ, ವಿವರದ ಚೀಟಿ ಹಚ್ಚಿ ಇಡುವ ಸಂಗ್ರಹ. ಸರಿ ಅಂತ ಕೂತೆ. ರಾಂಪತ್ರೆಯ ವೈಜ್ಞಾನಿಕ ಹೆಸರು ಮಿರಿಸ್ಟಿಕಾ ಮಲಬಾರಿಕಾ ಅಂತ ಹುಡುಕಿದರೆ ಬೇರೆ ಬೇರೆ ಹರ್ಬೇರಿಯಂಗಳ ದಾಖಲೆ ಆನ್‌ಲೈನ್‌ನಲ್ಲೇ ಸಿಗುತ್ತವೆ. ಎಲ್ಲಾ ಎಕ್ಸೆಲ್‌ಗೆ ಇಳಿಸಿ ನಕ್ಷೆ ಮೇಲೆ ಹಾಕಿದೆ.

ಈಗ ತಲೆ ಕೆಟ್ಟಿದೆ. ಒಂದು ಚುಕ್ಕೆ ಮುಂಬೈ ಫೋರ್ಟ್ ಹತ್ತಿರ. ಇನ್ನೊಂದು ಅರಬ್ಬಿ ಸಮುದ್ರದಲ್ಲಿ. ಗೋವಾ ಹೆಚ್ಚುಕಮ್ಮಿ ಖಾಲಿ. ನಮ್ಮೂರ ಸುತ್ತ, ಚಿಕ್ಕಂದಿನಿಂದ ನಾನೇ ಕಾಯಿ ಹೆಕ್ಕಿದ ಜಾಗದಲ್ಲಿ, ಒಂದೂ ಇಲ್ಲ. ಇದನ್ನ ನಂಬೋದಾ ಬಿಡೋದಾ?

ಡೊಂಬಿವ್ಲಿ_ಫಾಸ್ಟ್
ಫೋರ್ಟ್‌ನಲ್ಲಿ ಬಾಡಿಗೆ ಕೊಟ್ಟು ರಾಂಪತ್ರೆ ಬದುಕುತ್ತಾ? ಅಲ್ಲಿ ಮನುಷ್ಯರಿಗೇ ಜಾಗ ಇಲ್ಲ.

ಮಾಟುಂಗಾ_ಮಸಾಲೆ
ನಗಬೇಡಿ, ಮುಂಬೈಗೂ ಈ ಮರಕ್ಕೂ ನಂಟಿದೆ. ನಮ್ಮ ಮಾವನವರದು ಮಸಾಲೆ ವ್ಯಾಪಾರ. ಮಸಾಲೆ ವಹಿವಾಟಿನಲ್ಲಿ ರಾಂಪತ್ರೆಗೆ "ಬಾಂಬೆ ಮೇಸ್" ಅಂತಲೇ ಹೆಸರು. ಮರ ಇರೋದು ಘಟ್ಟದಲ್ಲಿ, ಮಾಲು ಹಡಗು ಹತ್ತಿದ್ದು ಇಲ್ಲಿಂದ, ಹೆಸರು ಇಲ್ಲಿಯದೇ ಉಳಿಯಿತು. ಬೀಜದ ಸುತ್ತ ಇರುವ ಪತ್ರೆ ಒಣಗಿದ ಮೇಲೆ ಕಂದುಗೆಂಪು. ನೋಡಲು ಜಾಪತ್ರೆಯ ತಮ್ಮನ ಹಾಗೆ, ಮೂಗಿಗೆ ಹಿಡಿದರೆ ಘಮವೇ ಇಲ್ಲ. ಅದಕ್ಕೇ ಒಳ್ಳೇ ಜಾಪತ್ರೆಗೆ ಇದನ್ನ ಬೆರೆಸೋದು ಹಳೇ ಕಸುಬು. ಹಾಗಂತ ರಾಂಪತ್ರೆ ಕೆಟ್ಟ ಮಾಲು ಅಂತಲ್ಲ. ಇಲ್ಲಿಯವರು ರಾಂಪತ್ರಿ ಅಂತ ಹೆಸರು ಹೇಳಿ ಕೇಳಿಯೇ ಮಸಾಲೆಗೆ ಒಯ್ಯುತ್ತಾರೆ.

ನನ್ನ ಅನುಮಾನ: ಪೇಟೆಯಲ್ಲಿ ಕೊಂಡ ಮಾದರಿಯನ್ನೇ ಯಾರೋ ಕಳಿಸಿರಬೇಕು.

ಒಣಎಲೆ
ಮಸಾಲೆಯವರ ಅನುಮಾನ ತಳ್ಳಿಹಾಕುವಂಥದ್ದಲ್ಲ. ಪೇಟೆಯಲ್ಲಿ ಕೊಂಡ ಬೀಜ, ತೊಗಟೆ, ಅಂಟು ಇವೆಲ್ಲ ಹಳೇ ಸಂಗ್ರಹಗಳಲ್ಲಿ ಇರುತ್ತವೆ. ಆದರೆ ಫೋರ್ಟ್ ಚುಕ್ಕೆಗೆ ಇನ್ನೂ ಸುಲಭದ ಕಾರಣ ಇದೆ. ಶಿರಸಿಯವರೇ, ಆ ಸಾಲಿನಲ್ಲಿ "ಸ್ಥಳ" ಅನ್ನೋ ಕಡೆ ಏನಿದೆ, ಇದ್ದ ಹಾಗೇ ಬರೆಯಿರಿ.

ಕೋಥ್ರೂಡ್_ಶಿರಸಿಗ
"ಬಾಂಬೆ". ಅಷ್ಟೇ. ಅಕ್ಷಾಂಶ ರೇಖಾಂಶ ಮಾತ್ರ ನಾಲ್ಕು ದಶಾಂಶದವರೆಗೆ ಕೊಟ್ಟಿದ್ದಾರೆ.

ಒಣಎಲೆ
ಅಲ್ಲೇ ಸಿಕ್ಕಿತು ನೋಡಿ. 19ನೇ ಶತಮಾನದ ಚೀಟಿಯಲ್ಲಿ "ಬಾಂಬೆ" ಅಂದರೆ ಊರು ಅಂತ ಹೇಳಲಾಗದು, ಇಡೀ ಬಾಂಬೆ ಪ್ರಾಂತ್ಯ ಆಗಿರಬಹುದು. ಸಿಂಧ್‌ನಿಂದ ಕಾರವಾರದ ಆಚೆಗೂ ಇದ್ದ ಪ್ರಾಂತ್ಯ ಅದು. ಆಗ ಜಿಪಿಎಸ್ ಎಲ್ಲಿತ್ತು? ನೂರಕ್ಕೂ ಹೆಚ್ಚು ವರ್ಷ ಆದಮೇಲೆ ಯಾರೋ ಕಂಪ್ಯೂಟರ್ ಮುಂದೆ ಕೂತು, ಚೀಟಿಯ ಹೆಸರನ್ನ ನಕ್ಷೆಯಲ್ಲಿ ಹುಡುಕಿ, ಸಿಕ್ಕ ಮೊದಲ ಬಿಂದುವನ್ನ ತುಂಬಿಬಿಡುತ್ತಾರೆ. ನಾಲ್ಕು ದಶಾಂಶ ನೋಡಿದರೆ ನಮಗೆ ಮರದ ಬುಡದಲ್ಲೇ ನಿಂತ ಹಾಗೆ ಅನಿಸುತ್ತೆ. ನಿಜ ಹೇಳಬೇಕೆಂದರೆ ಆ ಬಿಂದುವಿನ ತಪ್ಪಿನ ಅಳತೆ ನೂರಾರು ಕಿಲೋಮೀಟರ್.

ಸಮುದ್ರದ ಚುಕ್ಕೆಯೂ ಇದೇ ಜಾತಿಯದು ಇರಬೇಕು. ಲಂಡನ್‌ನ ಕ್ಯೂ ಸಸ್ಯತೋಟದಿಂದ ಬೇರೆ ಬೇರೆ ಕಡೆ ಹಂಚಿಹೋದ ಹಳೇ ಹಾಳೆಗಳಲ್ಲಿ ಒಂದು ಅಚ್ಚಾದ ಚೀಟಿ ಬರುತ್ತೆ: "ಮಲಬಾರ್, ಕೊಂಕಣ ಇತ್ಯಾದಿ. ಸಂಗ್ರಹ: ಸ್ಟಾಕ್ಸ್, ಲಾ ಇತ್ಯಾದಿ." ಎರಡು ಕಡೆ ಇತ್ಯಾದಿ! ಎಲ್ಲಿಯದೂ ಗೊತ್ತಿಲ್ಲ, ಯಾರದೂ ಗೊತ್ತಿಲ್ಲ. ಸ್ಟಾಕ್ಸ್ ಮತ್ತು ಲಾ ಇಬ್ಬರೂ ಆ ಕಾಲದ ಬಾಂಬೆ ಕಡೆಯ ಸಂಗ್ರಾಹಕರು. ಹಾಳೆ ಒಟ್ಟುಗೂಡಿಸುವಾಗ ಎಲ್ಲ ಒಂದೇ ಮೂಟೆಗೆ ಹೋಯಿತು. "ಕೊಂಕಣ"ಕ್ಕೆ ಬಿಂದು ಕೊಡಿ ಅಂದರೆ ಯಂತ್ರ ಎಲ್ಲಿ ಬೇಕಾದರೂ ಕೊಡುತ್ತೆ, ನೀರಿನಲ್ಲೂ ಕೊಡುತ್ತೆ.

ಇಂಥ ಸಾಲುಗಳನ್ನ ಅಳಿಸಬೇಡಿ. ಬಿಂದು ಮಾತ್ರ ತೆಗೆಯಿರಿ, ಚೀಟಿಯ ಮಾತು ಉಳಿಸಿ.

ಪಿಂಪ್ರಿ_ಕೋಡರ್
ಹಾಗಾದ್ರೆ ಈ ಒಣ ಎಲೆಗಳಿಂದ ಏನು ಉಪಯೋಗ ಸ್ವಾಮಿ? ಈಗ ಫೋನ್ ಎತ್ತಿದರೆ ಫೋಟೊ, ಜಾಗ, ಸಮಯ ಎಲ್ಲಾ ತಾನಾಗೇ ಬರುತ್ತೆ. ಹಳೇದನ್ನ ಬಿಟ್ಟು ಹೊಸದಾಗಿ ಶುರು ಮಾಡೋದು ವಾಸಿ ಅಲ್ವಾ?

ಹಳೇ_ರೇಂಜರ್
ಫೋನಿನಲ್ಲಿ 1900ರ ಕಾಡಿನ ಫೋಟೊ ಬರುತ್ತಾ? ಸೂಪಾ ಅಂತ ಒಂದು ಊರಿತ್ತು, ಈಗ ಕಾಳಿ ನದಿಯ ಅಣೆಕಟ್ಟಿನ ನೀರಿನ ಕೆಳಗಿದೆ. ಅದರ ಕಾಡಿನ ಸಾಕ್ಷಿ ಹಾಳೆಯಲ್ಲೇ ಹುಡುಕಬೇಕು. ಅಲ್ಲೂ ಹುಷಾರು: ಜೋಯಿಡಾ ತಾಲ್ಲೂಕಿಗೇ ಮೊದಲು ಸೂಪಾ ಅನ್ನುತ್ತಿದ್ದರು. ಚೀಟಿಯಲ್ಲಿ "ಸೂಪಾ" ಅಂತಿದ್ದರೆ ಮುಳುಗಿದ ಊರೂ ಇರಬಹುದು, ಅಲ್ಲಿಂದ ಒಂದು ದಿನದ ದಾರಿಯ ಗುಡ್ಡವೂ ಇರಬಹುದು.

ಕೋಥ್ರೂಡ್_ಶಿರಸಿಗ
ಇನ್ನೊಂದು ವಿಚಿತ್ರ. ಉತ್ತರ ಕನ್ನಡದ ಹಾಳೆಗಳು ಪುಣೆ, ಮುಂಬೈನಲ್ಲಿ. ದಕ್ಷಿಣ ಕನ್ನಡದವು ಕೊಯಮತ್ತೂರಿನಲ್ಲಿ. ಹಾಸನದ ಕಡೆಯವು ಬೆಂಗಳೂರಿನಲ್ಲಿ. ಮರ ಒಂದೇ, ಘಟ್ಟ ಒಂದೇ. ಯಾಕೆ ಹೀಗೆ?

ಒಣಎಲೆ
ಈ ಪ್ರಶ್ನೆಗೆ ಕಾಯುತ್ತಿದ್ದೆ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಕೆನರಾ ಜಿಲ್ಲೆಯನ್ನ ಎರಡು ಮಾಡಿದರು. 1862ರಲ್ಲಿ ಉತ್ತರ ಭಾಗ ಬಾಂಬೆಗೆ ಹೋಯಿತು, ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿಯಿತು. ಅಲ್ಲಿಂದ ಎರಡು ಕಡೆಯ ಗಿಡಗಳಿಗೂ ಬೇರೆ ಬೇರೆ ದಾರಿ. ಥಿಯೋಡರ್ ಕುಕ್ ಪುಣೆಯ ಕಾಲೇಜಿನ ಪ್ರಿನ್ಸಿಪಾಲ್ ಆಗಿದ್ದವರು. 1901ರಿಂದ 1908ರವರೆಗೆ ಬಂದ ಅವರ ಬಾಂಬೆ ಪ್ರಾಂತ್ಯದ ಸಸ್ಯ ಗ್ರಂಥದಲ್ಲಿ ಹೊನ್ನಾವರ, ಸಿದ್ದಾಪುರದ ಕಾಡು ಸೇರಿದೆ. ಭಟ್ಕಳ ದಾಟಿ ಬೈಂದೂರಿಗೆ ಹೋದರೆ ಬೇರೆ ಪುಸ್ತಕ. ಅದು ಗ್ಯಾಂಬಲ್ ಶುರು ಮಾಡಿ ಫಿಶರ್ ಮುಗಿಸಿದ ಮದ್ರಾಸ್ ಪ್ರಾಂತ್ಯದ ಗ್ರಂಥ, 1915ರಿಂದ 1936. ಘಟ್ಟ ಹತ್ತಿದರೆ ಮೈಸೂರು ಸಂಸ್ಥಾನ, ಅದು ಎರಡೂ ಪ್ರಾಂತ್ಯಕ್ಕೆ ಸೇರಿದ್ದಲ್ಲ. ಹಾಸನ ಜಿಲ್ಲೆಗೆ ಸಲ್ಡಾನ್ಹಾ ಮತ್ತು ನಿಕೋಲ್ಸನ್ ಅವರ ಪುಸ್ತಕ ಬರಲು 1976ರವರೆಗೆ ಕಾಯಬೇಕಾಯಿತು.

ಹಾಳೆಗಳೂ ಹಾಗೇ ಹರಿದುಹೋದವು. ಪುಣೆ ಕೃಷಿ ಕಾಲೇಜಿನ ಹಳೇ ಸಂಗ್ರಹ ಕೊನೆಗೆ ಬಿಎಸ್‌ಐ, ಅಂದರೆ ಭಾರತೀಯ ಸಸ್ಯ ಸರ್ವೇಕ್ಷಣೆಯ ಪುಣೆ ಕೇಂದ್ರಕ್ಕೆ ಸೇರಿತು. ಸೆಜ್‌ವಿಕ್ ಮತ್ತು ಬೆಲ್ ಉತ್ತರ ಕನ್ನಡದಲ್ಲಿ ಕೂಡಿಸಿದ್ದು ಮುಂಬೈ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲ್ಯಾಟರ್ ಹರ್ಬೇರಿಯಂಗೆ ಹೋಯಿತು. ದಕ್ಷಿಣ ಕನ್ನಡದ ಹಾಳೆಗಳನ್ನ ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂನಲ್ಲಿ ಹುಡುಕಬೇಕು. 1956ರಲ್ಲಿ ನಾವೆಲ್ಲ ಒಂದೇ ರಾಜ್ಯ ಆದೆವು, ಹಾಳೆಗಳು ಆಗಲಿಲ್ಲ.

ಅಂದರೆ ನಿಮ್ಮ ನಕ್ಷೆಯಲ್ಲಿ ಕಾಣೋದು ಮರಗಳ ಹಂಚಿಕೆ ಅಲ್ಲ. ಯಾವ ಸಾಹೇಬ ಯಾವ ಕಚೇರಿಯಲ್ಲಿದ್ದ, ಯಾವ ದಾರಿಯಲ್ಲಿ ಹೋದ ಅನ್ನೋದು.

ಹಳೇ_ರೇಂಜರ್
ದಾರಿ ಅಂದಿರಲ್ಲ, ಅದಕ್ಕೊಂದು ಮಾತು. ಮರ್ಮಗೋವಾ ರೈಲು ಬಂದ ಮೇಲೆ ಕ್ಯಾಸಲ್‌ರಾಕ್‌ಗೆ ಹೋಗೋದು ಸುಲಭ ಆಯಿತು. ಕಾಗದದ ಕಟ್ಟು, ಹಲಗೆ, ಹಗ್ಗ ಎಲ್ಲಾ ಹೊತ್ತು ಹೋಗುವವನಿಗೆ ರೈಲು ಇಳಿದ ಕೂಡಲೇ ದಟ್ಟ ಕಾಡು ಸಿಗುವ ಜಾಗ ಬೇರೆಲ್ಲಿದೆ? ಮಲೆಕಾಡಿನ ಎಷ್ಟೋ ಗಿಡಗಳ ಚೀಟಿಯಲ್ಲಿ ಕ್ಯಾಸಲ್‌ರಾಕ್ ಹೆಸರು ಅದಕ್ಕೇ. ಟಾಲ್ಬಟ್ ಅರಣ್ಯಾಧಿಕಾರಿ ಆಗಿದ್ದವರು, ಅವರ ಬಾಂಬೆ ಪ್ರಾಂತ್ಯದ ಅರಣ್ಯ ಸಸ್ಯಗಳ ಎರಡು ಸಂಪುಟ 1909 ಮತ್ತು 1911ರಲ್ಲಿ ಬಂದವು. ನಮ್ಮ ಕಾಲದ ಆಫೀಸುಗಳಲ್ಲಿ ಅದನ್ನ ದೇವರ ಪುಸ್ತಕದ ಹಾಗೆ ಬಟ್ಟೆ ಸುತ್ತಿ ಇಡುತ್ತಿದ್ದರು. ಓದೋರು ಕಮ್ಮಿ, ಅದು ಬೇರೆ ವಿಷಯ.

ತಿಂಗಳೂ ನೋಡಿ. ಮಳೆಗಾಲದ ದಾಖಲೆ ಎಷ್ಟಿದೆ? ಇರಲ್ಲ. ಜೂನ್ ಬಂದ ಮೇಲೆ ಇಂಬಳದ ಜೊತೆ ಯಾರು ಹೋಗುತ್ತಾರೆ? ಹೋದರೂ ಎಲೆ ಒಣಗಲ್ಲ, ಬೂಷ್ಟು ಹಿಡಿಯುತ್ತೆ.

ವಾಸ್ಕೋ_ಬೈನಾ
ಗೋವಾ ಖಾಲಿ ಅಂತ ಬರೆದಿದ್ದು ಓದಿ ಸಿಟ್ಟು ಬಂತು. ನಂತರ ಯೋಚಿಸಿದೆ, ಅದೂ ಇದೇ ಲೆಕ್ಕ. 1961ರವರೆಗೆ ಇಲ್ಲಿ ಪೋರ್ಚುಗೀಸರು. ಬ್ರಿಟಿಷ್ ಅರಣ್ಯಾಧಿಕಾರಿ ಕ್ಯಾಸಲ್‌ರಾಕ್‌ವರೆಗೆ ಬಂದು ಅಲ್ಲೇ ತಿರುಗಿ ಹೋಗಿರಬೇಕು, ಗಡಿ ಅಲ್ಲವಾ! ದಾಲ್ಗಾದೊ 1898ರಲ್ಲಿ ಗೋವಾ ಮತ್ತು ಸಾವಂತವಾಡಿಯ ಸಸ್ಯಗಳ ಪುಸ್ತಕ ತಂದರು, ಅದಿದ್ದಿದ್ದು ಪೋರ್ಚುಗೀಸಿನಲ್ಲಿ. ವಿಮೋಚನೆ ಆದಮೇಲೆ ಬಿಎಸ್‌ಐನವರು ಓಡಾಡಿ, ಆರ್. ಎಸ್. ರಾವ್ ಅವರ ಗೋವಾ ಸಸ್ಯ ಗ್ರಂಥ ಬಂದಿದ್ದು 1980ರ ದಶಕದಲ್ಲಿ.

ಮರ ಮಾತ್ರ ಇದ್ದೇ ಇತ್ತು. ಸತ್ತರಿ ತಾಲ್ಲೂಕಿನಲ್ಲಿ ನಿರಂಕಾರಾಚಿ ರಾಯ್ ಅಂತ ದೇವರ ಕಾಡಿದೆ. ನೀರು ನಿಂತ ಜಾಗದಲ್ಲಿ ರಾಂಪತ್ರೆ ಬಳಗದ ಮರಗಳು. ಬೇರುಗಳು ನೆಲದಿಂದ ಮೇಲೆದ್ದು ಮಡಚಿ ಮತ್ತೆ ಕೆಸರಿಗೆ ಇಳಿದಿರುತ್ತವೆ. ಇದು ರಾಂಪತ್ರೆ ಜೌಗು ಅಂತ ವಿಜ್ಞಾನಿಗಳು ಬರೆದಿದ್ದು 1990ರ ದಶಕದಲ್ಲಿ. ಊರಿನವರು ತಲೆಮಾರಿನಿಂದ ಅಲ್ಲಿ ಕೈಮುಗಿದು ಬರುತ್ತಿದ್ದಾರೆ.

ಕಾನುಮನೆ
ಇದೇ ಮಾತಿಗೆ ನಮ್ಮ ಸಿದ್ದಾಪುರದ ಕತ್ತಲೆಕಾನು ನೋಡಿ. ಹೊನ್ನಾವರದ ರಸ್ತೆ ಪಕ್ಕದ ಕಾಡು. ಜೋಗಕ್ಕೆ ಹೋಗುವ ಬಸ್ಸುಗಳೆಲ್ಲ ಅದರ ಬದಿಯಲ್ಲೇ ಹೋಗುತ್ತವೆ. ಅಲ್ಲಿ ಗೇರಿನ ಕುಟುಂಬದ ಒಂದು ದೊಡ್ಡ ಮರ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅದಕ್ಕೆ ಹೆಸರು ಸಿಕ್ಕಿದ್ದು 2000ದಲ್ಲಿ! ಕುಕ್, ಟಾಲ್ಬಟ್ ಯಾರ ಪುಸ್ತಕದಲ್ಲೂ ಇಲ್ಲ. ಗಿಡ ಪುಟ್ಟದು, ಕಣ್ಣಿಗೆ ಬೀಳಲಿಲ್ಲ ಅನ್ನೋ ಹಾಗೂ ಇಲ್ಲ.

ಪಿಂಪ್ರಿ_ಕೋಡರ್
ನೀವೆಲ್ಲ ನನ್ನ ವಾದವನ್ನೇ ಗಟ್ಟಿ ಮಾಡುತ್ತಿದ್ದೀರಿ. ಜಾಗ ಸರಿ ಇಲ್ಲ, ಗೋವಾ ಬಿಟ್ಟುಹೋಗಿದೆ, ರಸ್ತೆ ಪಕ್ಕದ ಮರವೇ ಇಲ್ಲ. ಮತ್ತೆ ಯಾಕೆ ಹಾಳೆ?

ಒಣಎಲೆ
ಯಾಕೆಂದರೆ ಹಾಳೆಯನ್ನ ಮತ್ತೆ ಕೇಳಬಹುದು, ಪಟ್ಟಿಯನ್ನ ಕೇಳಲಾಗದು. ಒಂದು ಹಾಳೆಯ ಕಥೆ ಹೇಳುತ್ತೇನೆ, ಯಾವ ಹರ್ಬೇರಿಯಂ ಅಂತ ಬೇಡ. 42 ಸೆಂಟಿಮೀಟರ್ ಉದ್ದ, 28 ಅಗಲದ ದಪ್ಪ ಕಾಗದ. ಅದರ ಮೇಲೆ ಒಂದು ರೆಂಬೆ, ದಾರ ಹಾಕಿ ಹೊಲಿದಿದ್ದಾರೆ. ಎಲೆಗಳು ಕಾಫಿ ಬಣ್ಣಕ್ಕೆ ತಿರುಗಿವೆ. ಒಂದು ಎಲೆಯನ್ನ ಬೇಕೆಂದೇ ಮಗುಚಿ ಅಂಟಿಸಿದ್ದಾರೆ, ತಳಭಾಗದ ಬೂದುಬಿಳುಪು ಕಾಣಲಿ ಅಂತ. ಮೂಲೆಯಲ್ಲಿ ಮಡಚಿದ ಕಾಗದದ ಪುಟ್ಟ ಲಕೋಟೆ, ಒಳಗೆ ಉದುರಿದ ಹೂಗಳು. ಕೆಳಗೆ ಬಲಕ್ಕೆ ಮೂಲ ಚೀಟಿ: ಉತ್ತರ ಕೆನರಾ, ನಿತ್ಯಹಸಿರು ಕಾಡು, ಅಷ್ಟೇ. ಅದರ ಮೇಲೆ ಒಂದರ ಮೇಲೊಂದು ಮೂರು ತಿದ್ದುಪಡಿ ಚೀಟಿ. ಮೊದಲನೆಯವರು ನೀಮಾ ಅಂದಿದ್ದಾರೆ, ನಮ್ಮ ರಕ್ತಮರದ ಕುಲ. ಎರಡನೆಯವರು ಮಿರಿಸ್ಟಿಕಾ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದ್ದಾರೆ. ಮೂರನೆಯವರು ಲಕೋಟೆಯ ಒಂದು ಹೂ ನೆನೆಸಿ, ಬಿಡಿಸಿ ನೋಡಿ ಮಿರಿಸ್ಟಿಕಾ ಮಲಬಾರಿಕಾ ಅಂತ ಮುಗಿಸಿದ್ದಾರೆ.

ಹೂವಿನಲ್ಲಿ ನೋಡಿದ್ದೇನು? ಗಂಡು ಹೂವಿನ ಪರಾಗಕೋಶಗಳು. ಮಿರಿಸ್ಟಿಕಾದಲ್ಲಿ ಅವು ಒಂದು ಕಂಬಕ್ಕೆ ಅಂಟಿಕೊಂಡಿರುತ್ತವೆ. ನೀಮಾದಲ್ಲಿ ಚಪ್ಪಟೆ ಬಿಲ್ಲೆಯ ಅಂಚಿಗೆ ನಕ್ಷತ್ರದ ಹಾಗೆ ಹರಡಿರುತ್ತವೆ. ಕೆತ್ತಿದರೆ ಕೆಂಪು ಹಾಲು ಬರೋದು ಈ ಬಳಗಕ್ಕೆಲ್ಲ ಸಾಮಾನ್ಯ, ಅದನ್ನ ನಂಬಿ ಹೆಸರಿಡಲಾಗದು. ಈ ಪರೀಕ್ಷೆ ಮಾಡಿದ್ದು ರೆಂಬೆ ಕಡಿದು ಎಷ್ಟೋ ದಶಕ ಆದಮೇಲೆ. ದೂರದಿಂದ ತೆಗೆದ ಎಲೆಯ ಫೋಟೊದಲ್ಲಿ ಇದು ಸಾಧ್ಯವಾ?

ಫೋಟೊ ಬೇಡ ಅಂತಿಲ್ಲ. ಎರಡೂ ಇರಲಿ.

ಕಾನುಮನೆ
ಜೋಗದ ಹುಲ್ಲಿನ ಕಥೆಯನ್ನೂ ಹೇಳಿ ಒಣಎಲೆಯವರೇ. ಅದು ಕೇಳಿದರೆ ಪಿಂಪ್ರಿಯವರು ಸುಮ್ನಾಗುತ್ತಾರೆ.

ಒಣಎಲೆ
ಹಬಾರ್ಡಿಯಾ ಹೆಪ್ಟಾನ್ಯೂರಾನ್. 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಗೇರುಸೊಪ್ಪೆ ಜಲಪಾತದಲ್ಲಿ, ಅಂದರೆ ನಮ್ಮ ಜೋಗದಲ್ಲಿ, ಒಂದು ಹುಲ್ಲು ಸಂಗ್ರಹಿಸಿದರು. ನೀರಿನ ತುಂತುರು ಬೀಳುವ ಬಂಡೆಯ ಹುಲ್ಲು. ಹುಲ್ಲುಗಳ ತಜ್ಞ ಬೋರ್ ಅದಕ್ಕೆ ಹೆಸರಿಟ್ಟಿದ್ದು ಸುಮಾರು 30 ವರ್ಷದ ಮೇಲೆ, ಹಾಳೆ ನೋಡಿಯೇ. ಲಿಂಗನಮಕ್ಕಿ ಅಣೆಕಟ್ಟು ಬಂದು ತುಂತುರು ಕಮ್ಮಿ ಆಯಿತು. ಆಮೇಲೆ ಜೋಗದಲ್ಲಿ ಹುಡುಕಿದವರಿಗೆ ಸಿಗಲಿಲ್ಲ, ನಾಶವಾಗಿದೆ ಅಂತಲೇ ಬರೆದರು. 2002ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದವರಿಗೆ ಮಹಾರಾಷ್ಟ್ರದ ತಿಲ್ಲಾರಿ ಘಾಟಿನಲ್ಲಿ ಸಿಕ್ಕಿತು. ಹಳೇ ಹಾಳೆ ಇಲ್ಲದಿದ್ದರೆ ತಿಲ್ಲಾರಿಯದು "ಯಾವುದೋ ಹುಲ್ಲು" ಆಗುತ್ತಿತ್ತು.

ಪಿಂಪ್ರಿ_ಕೋಡರ್
ಇದು ಒಪ್ಪಿದೆ. ಆದರೂ ಆ ದಶಾಂಶದ ಕಾಲಂ ತುಂಬಿದವರನ್ನ ನಾನು ಕ್ಷಮಿಸಲ್ಲ. ಡೇಟಾ ಗೊತ್ತಿಲ್ಲದಿದ್ದರೆ ಖಾಲಿ ಬಿಡಬೇಕು.

ಕೋಥ್ರೂಡ್_ಶಿರಸಿಗ
ಒಂದೇ ದಿನಾಂಕ, ಒಂದೇ ಸಂಗ್ರಾಹಕರು, ಒಂದೇ ನಂಬರಿನ ಸಾಲುಗಳು ಮೂರು ಕಡೆ ಇವೆ. ಮೂರು ಮರ ಅಂತ ಎಣಿಸಲಾ?

ಒಣಎಲೆ
ಒಂದೇ ಮರ. ಒಂದೇ ನಂಬರಿನ ರೆಂಬೆಗಳನ್ನ ಹಲವು ಹಾಳೆ ಮಾಡಿ ಬೇರೆ ಬೇರೆ ಹರ್ಬೇರಿಯಂಗೆ ಹಂಚೋದು ರೂಢಿ. ಒಂದು ಕಡೆ ಕಟ್ಟಡಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯಲಿ ಅಂತ. ಸಂಗ್ರಾಹಕರ ಹೆಸರು ಮತ್ತು ನಂಬರು ಜೋಡಿಸಿ ಒಂದು ಮಾಡಿ. ಆದರೆ ಮೂರು ಕಡೆಯೂ ಹೆಸರು ಒಂದೇ ಇದೆಯಾ ನೋಡಿ. ಒಂದು ಕಡೆ ತಿದ್ದಿರುತ್ತಾರೆ, ಇನ್ನೊಂದು ಕಡೆ ಹಳೇ ಹೆಸರೇ ಕೂತಿರುತ್ತೆ.

ನಿಮ್ಮ ತಮ್ಮನಿಗೆ ಬೇಕಾದ ಮುಖ್ಯ ಸಂಗತಿ ಎಕ್ಸೆಲ್‌ನಲ್ಲಿ ಇರಲ್ಲ. ರಾಂಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಾಳೆಯಲ್ಲಿ ಹೂ ಬಿಡಿಸಿದರೆ ಅದು ಗೊತ್ತಾಗುತ್ತೆ, ಆನ್‌ಲೈನ್ ಸಾಲಿನಲ್ಲಿ ಅದನ್ನ ತುಂಬಿರೋದು ಅಪರೂಪ. ಬೀಜದಿಂದ ಎದ್ದ ಸಸಿ ಗಂಡೋ ಹೆಣ್ಣೋ ಹೂ ಬಿಡುವವರೆಗೆ ಕಾಯಬೇಕು. ಕಾಯಿ ಬೇಕಿದ್ದರೆ ಹೆಣ್ಣು ಮರದ ಕಸಿ ನೋಡಲಿ. ನಡುವೆ ಗಂಡು ಮರವೂ ಇರಲಿ.

ಮಾಟುಂಗಾ_ಮಸಾಲೆ
ಬ್ಲ್ಯಾಟರ್ ನಮ್ಮ ಮನೆಯಿಂದ ಲೋಕಲ್ ಹಿಡಿದರೆ ಹತ್ತಿರ. ಸುಮ್ನೆ ಹೋಗಿ ನೋಡಬಹುದಾ?

ಒಣಎಲೆ
ಮೊದಲು ಪತ್ರ ಬರೆದು ಅನುಮತಿ ತಗೊಳ್ಳಿ. ಯಾವ ಜಾತಿ, ಯಾಕೆ ಅಂತ ಹೇಳಿ. ಹಾಳೆಯನ್ನ ಪುಸ್ತಕದ ಪುಟದ ಹಾಗೆ ಮಗುಚಬೇಡಿ, ಮಟ್ಟಸವಾಗಿ ಎತ್ತಿ ಪಕ್ಕಕ್ಕೆ ಇಡಬೇಕು. ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬೇಡಿ. ಹುಳು ಹಿಡಿಯದಿರಲಿ ಅಂತ ಹಳೇ ಹಾಳೆಗಳಿಗೆ ಪಾದರಸದ ಕ್ಲೋರೈಡ್ ಬಳಿಯುತ್ತಿದ್ದರು, ಅದು ವಿಷ.

ಡೊಂಬಿವ್ಲಿ_ಫಾಸ್ಟ್
ನಾನು ಕಾಲೇಜಿನಲ್ಲಿದ್ದಾಗ ಒಂದು ಕಡೆ (ಹೆಸರು ಹೇಳಲ್ಲ) ಹಾಳೆ ಕೇಳಿದರೆ ಬೀಗದ ಕೈ ಇರುವವರು ರಜೆ ಅಂತ ವಾರಗಟ್ಟಲೆ ಓಡಾಡಿಸಿದರು. ಕಪಾಟು ತೆಗೆದಾಗ ಒಳಗೆ ಎಲೆಗಿಂತ ಪುಡಿಯೇ ಜಾಸ್ತಿ. ಎಲ್ಲ ಕಡೆ ಒಣಎಲೆಯವರ ಥರದವರು ಇರಲ್ಲ.

ವಾಸ್ಕೋ_ಬೈನಾ
ಶಿರಸಿಯವರೇ, ಒಂದು ವಿನಂತಿ. ಈ ನಕ್ಷೆಯನ್ನ ಎಲ್ಲರಿಗೂ ತೆರೆದಿಡುತ್ತೀರಾದರೆ ಹೊಸ ದಾಖಲೆಗಳ ನಿಖರ ಬಿಂದು ಬೇಡ. ತಾಲ್ಲೂಕು ಸಾಕು.

ಪಿಂಪ್ರಿ_ಕೋಡರ್
ಮುಚ್ಚಿಟ್ಟರೆ ಉಳಿಯುತ್ತಾ? ದೊಡಾಮಾರ್ಗದ ಬಾಂಬರ್ಡೆಯಲ್ಲಿ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಇರುವ ಜೌಗು ಸಿಕ್ಕಿದ್ದು ಪತ್ರಿಕೆಯಲ್ಲಿ ಬಂತು. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. ಯಾರಿಗೂ ಗೊತ್ತಿಲ್ಲದಿದ್ದರೆ ಅಲ್ಲಿ ಒಂದು ದಿನ ಜೆಸಿಬಿ ಬಂದು ನಿಲ್ಲುತ್ತಿತ್ತು.

ಹಳೇ_ರೇಂಜರ್
ಎರಡೂ ನೋಡಿದ್ದೇನೆ. ಬಾಂಬರ್ಡೆ ದೇವರ ಕಾಡು, ಊರೇ ಕಾಯುತ್ತೆ. ಒಂಟಿ ಮರಕ್ಕೆ ಕಾಯೋರು ಇಲ್ಲ. ಪತ್ರೆಗೆ ರೇಟು ಬಂದ ವರ್ಷ ಕಾಯಿ ಹಣ್ಣಾಗುವ ಮೊದಲೇ ಬಡಿಯುತ್ತಾರೆ, ಇನ್ನೊಬ್ಬ ಕೊಯ್ದುಬಿಟ್ಟಾನು ಅಂತ. ಕೈಗೆ ಸಿಗದಿದ್ದರೆ ರೆಂಬೆಯನ್ನೇ ಕಡಿಯುತ್ತಾರೆ. ಮಂಗಟ್ಟೆ ಹಕ್ಕಿಗೂ ಹಣ್ಣಿಲ್ಲ, ಮಣ್ಣಿಗೂ ಬೀಜ ಇಲ್ಲ. ಅಂಥ ಮರದ ಬಿಂದು ಹಾಕಬೇಡಿ.

ಕೋಥ್ರೂಡ್_ಶಿರಸಿಗ
ಸರಿ, ಹೊರಗೆ ತಾಲ್ಲೂಕು ಮಾತ್ರ. ಪಿಂಪ್ರಿಯವರೇ, ಒಪ್ಪದಿದ್ದರೂ ಪರವಾಗಿಲ್ಲ, ಮರ ನಮ್ಮೂರಿನದು. ಫೋರ್ಟ್ ಮತ್ತು ಸಮುದ್ರದ ಸಾಲಿನಲ್ಲಿ ಬಿಂದು ತೆಗೆದು ಚೀಟಿಯ ಮಾತು ಉಳಿಸಿದೆ. ನಕಲು ಸಾಲುಗಳನ್ನ ಒಂದು ಮಾಡಿದೆ. ಪಟ್ಟಿ ಅರ್ಧಕ್ಕೆ ಇಳಿಯಿತು.

ನಮ್ಮೂರಿನದು ಮಾತ್ರ ಇನ್ನೂ ಸೊನ್ನೆ.

ಒಣಎಲೆ
ಹಾಗಾದರೆ ನೀವೇ ಮಾಡಿ. ಹೂ ಬಿಟ್ಟಾಗ ಗಂಡು ಮರದ ಒಂದು ರೆಂಬೆ, ಕಾಯಿ ಆದಾಗ ಹೆಣ್ಣು ಮರದ್ದು ಒಂದು. ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ, ಮೊದಲ ದಿನಗಳಲ್ಲಿ ಪೇಪರ್ ದಿನಾ ಬದಲಿಸಿ. ಕಾಯಿ ದಪ್ಪ, ಅದನ್ನ ಸೀಳಿ ಬೇರೆ ಒಣಗಿಸಿ. ಹೂವಿನ ಬಣ್ಣ, ಪತ್ರೆಯ ಬಣ್ಣ, ಮರದ ಎತ್ತರ, ನೀರು ನಿಲ್ಲುವ ಜಾಗವೋ ಅಲ್ಲವೋ, ಊರಿನವರು ಏನಂತ ಕರೆಯುತ್ತಾರೆ, ಇವನ್ನ ಅಲ್ಲೇ ನಿಂತು ಬರೆದುಕೊಳ್ಳಿ. ಒಣಗಿದ ಮೇಲೆ ಇದ್ಯಾವುದೂ ಹಾಳೆಯಲ್ಲಿ ಕಾಣಲ್ಲ. ಎರಡೆರಡು ಮಾಡಿ, ಒಂದು ಪುಣೆಗೆ, ಒಂದು ಬೆಂಗಳೂರಿಗೆ ಕೊಡೋಣ.

ಕೋಥ್ರೂಡ್_ಶಿರಸಿಗ
ಮಾಡುತ್ತೇನೆ. ಬೆಟ್ಟದ ಮರ, ನಮ್ಮದೇ. ಅನುಮತಿ ಏನಾದರೂ ಬೇಕಾ?

ಹಳೇ_ರೇಂಜರ್
ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ತಾನೆ? ಸೊಪ್ಪಿನ ಹಕ್ಕು ನಿಮ್ಮದು, ನೆಲ ಅರಣ್ಯ ಇಲಾಖೆಯದು. ರೇಂಜ್ ಆಫೀಸಿಗೆ ಒಂದು ಅರ್ಜಿ ಕೊಟ್ಟು, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಕೊಡುವಾಗ "ಒಂದು ಮೊಳದ ರೆಂಬೆ" ಅಂತ ಸ್ಪಷ್ಟ ಬರೆಯಿರಿ, ಮರ ಕಡಿಯೋದು ಅಂತ ತಿಳಿದುಕೊಂಡಾರು.